ಕೊಬ್ಬಿನ ಗುಳಿಗೆ, ಉರಿಯ ಗುಳಿಗೆ

ಕೊಬ್ಬು ಎಂಬ ಮಾತಿಗೆ ಎರಡು ಅರ್ಥ ಇದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಗೋಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಶುರುಮಾಡಿ ಆಗಲೇ ಹನ್ನೆರಡು ವರ್ಷವಾಗಿತ್ತು. ಪಿಷ್ಟ, ಸಸಾರಜನಕ, ಕೊಬ್ಬು ಎಂದು ಬೋರ್ಡಿನ ಮೇಲೆ ಬರೆದಾಗಲೆಲ್ಲ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತಿತ್ತು. ನಾನೂ ಸುಳ್ಳೇ ಸಿಟ್ಟು ಮಾಡುತ್ತಿದ್ದೆ. ಇಷ್ಟೆಲ್ಲ ಗೊತ್ತಿದ್ದೂ, ಸುರಪುರದ ದವಾಖಾನೆಯಲ್ಲಿ ಡಾಕ್ಟರು ಅಕ್ಕನ ಎದುರು ಆ ಮಾತು ಆಡುವ ಮುಂಚೆ ಅವರನ್ನು ತಡೆಯುವ ಬುದ್ಧಿ ನನಗೆ ಬರಲಿಲ್ಲ.

ಡಾಕ್ಟರು ಮೈಸೂರಿನ ಕಡೆಯವರು. ಹೃದಯದ ತಜ್ಞರು, ಮಂಗಳವಾರ ಮಾತ್ರ ಸುರಪುರಕ್ಕೆ ಬರುತ್ತಿದ್ದರು. ರಿಪೋರ್ಟು ನೋಡಿ, ತಲೆ ಎತ್ತದೆ ಹೇಳಿದರು: "ನೋಡಿ ಅಮ್ಮಾ, ನಿಮಗೆ ಕೊಬ್ಬು ಜಾಸ್ತಿ ಇದೆ. ಇಳಿಸಬೇಕು. ಈ ಮಾತ್ರೆ ಅದಕ್ಕೇ. ಜೀವ ಇರೋವರೆಗೂ ದಿನಾ ಒಂದು."

ಅಕ್ಕ ಎದ್ದು ನಿಂತಳು. ಸೆರಗು ಬಿಗಿಯಾಗಿ ಸಿಕ್ಕಿಸಿದಳು.

"ಯಾರಿಗಿ ಕೊಬ್ಬು ಅಂತೀರಿ? ನಿಮ್ಮ ಮನಿ ರೊಟ್ಟಿ ತಿಂದೀನೇನು ನಾ? ಕೊಬ್ಬು ಇಳಸಾಕ ಬಂದಾರ ಇಲ್ಲಿ!"

ಅಷ್ಟು ಹೇಳಿ ಹೊರಗೆ ನಡೆದೇಬಿಟ್ಟಳು. ಬಾಗಿಲಲ್ಲಿ ಸರದಿ ಹಿಡಿದು ಕೂತಿದ್ದವರು ಬಾಯಿ ತೆರೆದು ನೋಡಿದರು. ಡಾಕ್ಟರ ಕೈಯಲ್ಲಿ ಪೆನ್ನು ಹಾಗೇ ನಿಂತಿತ್ತು. ನಾನು ತಪ್ಪಾಯಿತು ಎಂದು ಕೈಮುಗಿದು ಅವಳ ಹಿಂದೆ ಓಡಿದೆ.

ಅಕ್ಕನನ್ನು ನೋಡಿದ ಯಾರೂ ಅವಳ ಮೈಯಲ್ಲಿ ಕೊಬ್ಬಿದೆ ಎಂದು ನಂಬುವುದಿಲ್ಲ. ಒಣಗಿದ ತೊಗರಿ ಕಟ್ಟಿಗೆಯ ಹಾಗಿದ್ದಾಳೆ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಸತ್ತಾಗ ನನಗೆ ಆರು ವರ್ಷ. ಹೊಸದಾಗಿ ಗಂಡನ ಮನೆಗೆ ಹೋಗಿದ್ದ ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಬಳುವಳಿಗೆ ಹಸು ಎಮ್ಮೆ ಹೊಡೆದುಕೊಂಡು ಹೋದವರುಂಟು, ತಂಗಿಯನ್ನು ಹೊಡೆದುಕೊಂಡು ಹೋದವಳು ಇವಳೊಬ್ಬಳೇ ಎಂದು ಊರಲ್ಲಿ ಆಡಿಕೊಂಡರಂತೆ. ಗೋಗಿಯಿಂದ ಎರಡು ಹರದಾರಿ ದೂರದ ಹಳ್ಳಿ, ಕುರಿ ಸಾಕುವ ಮನೆ. ಆಮೇಲೆ ಕೆನಾಲು ಬಂತು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು, ಕುರಿ ಮೇಯುವ ಜಾಗವೆಲ್ಲ ನೀರಿನ ಕೆಳಗೆ ಹೋಯಿತು. ನೂರು ಕುರಿಗಳಿದ್ದಲ್ಲಿ ಎಂಟು ಉಳಿದವು. ಅತ್ತೆಯೂ ಹೋದಳು, ಭಾವನೂ ಹೋದ. ಅಕ್ಕ ಮಾತ್ರ ಐವತ್ತು ದಾಟಿದ ಮೇಲೂ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ನಾಟಿ ಮಾಡುತ್ತಿದ್ದಳು.

ಆ ಸಲ ಭತ್ತ ಕೊಯ್ಯುವಾಗಲೇ ಅವಳಿಗೆ ಎದೆ ಹಿಡಿದುಕೊಂಡಿದ್ದು. ವಾಯು ಎಂದುಕೊಂಡು ಸೋಡಾ ಕುಡಿದು, ಎರಡು ಸಾಲು ಕೊಯ್ದು, ಮನೆಗೆ ನಡೆದುಕೊಂಡು ಬಂದು ಬಿದ್ದಿದ್ದಾಳೆ. ಶಹಾಪುರಕ್ಕೆ, ಅಲ್ಲಿಂದ ಕಲಬುರಗಿಗೆ ಜೀಪಿನಲ್ಲಿ ಒಯ್ದಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆವತ್ತು ನನ್ನೊಳಗೆ ಹೊಕ್ಕ ಹೆದರಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಹೃದಯದ ನರದಲ್ಲಿ ಸ್ಟೆಂಟ್ ಎಂಬ ತಂತಿಯ ಸುರುಳಿ ಕೂರಿಸಿ, ಐದು ಥರದ ಗುಳಿಗೆ ಕೊಟ್ಟು ಕಳಿಸಿದರು. ಒಂದು ತಿಂಗಳು ಅಕ್ಕ ಯಾವುದು ಯಾತಕ್ಕೆ ಎಂದು ಕೇಳದೆ ಐದನ್ನೂ ನುಂಗಿದಳು. ಸುರಪುರಕ್ಕೆ ತೋರಿಸಲು ಹೋಗದಿದ್ದರೆ ಇನ್ನೂ ಹಾಗೇ ನುಂಗುತ್ತಿದ್ದಳೋ ಏನೋ.

ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕೂತು, ಚೀಲದಿಂದ ಗುಳಿಗೆಗಳನ್ನೆಲ್ಲ ಸುರುವಿಕೊಂಡು ಕೇಳಿದಳು: "ಇದರಾಗ ಕೊಬ್ಬು ಇಳಸೋದು ಯಾವುದು?"

"ಯಾಕ?"

"ಒಗೀತೇನಿ."

ಒಗೆಯುವವಳೇ. ಅವಳು ಆಡಿದ ಮಾತು ತಪ್ಪಿದ್ದನ್ನು ನಾನು ನೋಡಿಲ್ಲ. ಉಳಿದ ಗುಳಿಗೆ ಒಂದು ಹೊತ್ತು ತಪ್ಪಿದರೂ ನಡೆದೀತು, ಇದನ್ನೂ ರಕ್ತ ತೆಳ್ಳಗೆ ಮಾಡುವ ಗುಳಿಗೆಯನ್ನೂ ಮಾತ್ರ ಬಿಡಿಸಬೇಡಿ ಎಂದು ಕಲಬುರಗಿಯಲ್ಲಿ ಸಾರಿ ಸಾರಿ ಹೇಳಿ ಕಳಿಸಿದ್ದರು. ನನ್ನ ಜೀವ ಬಾಯಿಗೆ ಬಂತು, ಬಾಯಿಗೆ ಸುಳ್ಳು ಬಂತು.

"ಅಕ್ಕಾ, ಆ ಡಾಕ್ಟರು ಮೈಸೂರು ಕಡಿಯವರು. ಅವರ ಮಾತಿನಾಗ ಉರಿಗಿ ಕೊಬ್ಬು ಅಂತಾರ. ನಿನ್ನ ಎದಿ ನರದಾಗ ಉರಿ ಅದ. ಅದನ್ನ ತಣ್ಣಗ ಮಾಡಾಕ ಈ ಗುಳಿಗಿ."

"ಉರಿಗಿ ಕೊಬ್ಬು ಅಂತಾರ?"

"ಅಂತಾರ."

"ಎಂಥಾ ಮಂದಿ ಇರಬೇಕು ಅವರು," ಎಂದು ಗುಳಿಗೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಜನ ನಾವು. ಒಂದು ಸುಳ್ಳು ಹೇಳಿ ಒಂದು ಜೀವ ಉಳಿಸಿಕೊಂಡರೆ ಏನು ತಪ್ಪು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಮೈಸೂರು ಕಡೆಯವರ ಮರ್ಯಾದೆ ಹೋದದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅಕ್ಕ ದಿನಾ ರಾತ್ರಿ ಊಟದ ಮೇಲೆ ಉರಿ ಗುಳಿಗೆ ನುಂಗತೊಡಗಿದಳು. ಎದೆ ತಣ್ಣಗಾಗಿದೆ ಎಂದು ಓಣಿಯವರಿಗೆಲ್ಲ ಹೇಳಿದಳು. ಮೊಣಕಾಲು ಬಾತ ಪಕ್ಕದ ಮನೆಯವಳು ನನಗೂ ಒಂದು ಕೊಡು ಎಂದು ಕೇಳಿದಳಂತೆ. ಸುಳ್ಳು ಅಂದರೆ ನೀರು ಬಿಟ್ಟ ಕೆನಾಲು ಇದ್ದ ಹಾಗೆ, ಎಲ್ಲಿ ಒಡೆದು ಯಾರ ಹೊಲಕ್ಕೆ ನುಗ್ಗುತ್ತದೋ ಗೊತ್ತಾಗುವುದಿಲ್ಲ. ನಿನ್ನ ಗುಳಿಗೆ ನಿನಗಷ್ಟೇ ಎಂದು ಅಕ್ಕನಿಗೆ ಆಣೆ ಹಾಕಿಸಿದೆ.

ಮುಂದಿನ ತಿಂಗಳು ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ನಡೆದದ್ದನ್ನು ಹೇಳಿಕೊಂಡೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಜೋರಾಗಿ ನಕ್ಕರು.

"ಟೀಚರ್, ನೀವು ಹೇಳಿದ್ದು ಸುಳ್ಳಲ್ಲ."

ಆಮೇಲೆ ಚೀಟಿಯ ಹಿಂಬದಿಯಲ್ಲಿ ಒಂದು ನಳಿಗೆಯ ಚಿತ್ರ ಬರೆದು ತೋರಿಸಿದರು. ಕೊಬ್ಬು ನೀರಿನ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಸುಮ್ಮನೆ ಕಟ್ಟಿಕೊಳ್ಳುತ್ತದೆ ಎಂದು ನಾನು ತಿಳಿದಿದ್ದೆ, ಮಕ್ಕಳಿಗೂ ಹಾಗೇ ಕಲಿಸಿದ್ದೆ. ಅದು ಹಾಗಲ್ಲವಂತೆ. ರಕ್ತನಾಳದ ಗೋಡೆಯೊಳಗೆ ಕೊಬ್ಬು ಸೇರಿದರೆ ಅದನ್ನು ತಿಂದು ತೆಗೆಯಲು ಬಿಳಿ ರಕ್ತಕಣಗಳು ನುಗ್ಗುತ್ತವೆ. ತಿಂದು ತಿಂದು ಉಬ್ಬಿ, ಹೊರಗೆ ಬರಲಾರದೆ ಅಲ್ಲೇ ಕೂತು, ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಆ ಜಾಗ ಒಳಗೊಳಗೇ ಉರಿಯುತ್ತದೆ, ಬಾಯುತ್ತದೆ. ಒಂದು ದಿನ ಆ ಗಡ್ಡೆ ಒಡೆದರೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದೇ ಹೃದಯಾಘಾತ. ಈ ಗುಳಿಗೆ ಲಿವರಿನಲ್ಲಿ ಕೊಬ್ಬು ತಯಾರಾಗುವುದನ್ನು ತಗ್ಗಿಸುತ್ತದೆ. ಅದರ ಜೊತೆಗೆ ಆ ಕಣಗಳ ಸಿಟ್ಟನ್ನೂ ಸ್ವಲ್ಪ ಇಳಿಸುತ್ತದೆ. ಗೋಡೆಗೆ ಅಂಟಿಕೊಳ್ಳುವುದು, ಒಂದನ್ನೊಂದು ಕೂಗಿ ಕರೆಯುವುದು ಕಡಿಮೆಯಾಗುತ್ತದೆ. ಎಷ್ಟು ಪಾಲು ಕೊಬ್ಬು ಇಳಿದದ್ದರಿಂದ, ಎಷ್ಟು ಪಾಲು ಉರಿ ಇಳಿದದ್ದರಿಂದ ಎಂದು ಬೇರೆ ಮಾಡಿ ಹೇಳುವುದು ತಮಗೂ ಕಷ್ಟ ಎಂದರು.

ನನ್ನ ಸುಳ್ಳು ವಿಜ್ಞಾನವೇ ಆಗಿತ್ತು ನೋಡಿ! ವಾಪಸು ಬರುವಾಗ ಬಸ್ಸಿನಲ್ಲಿ ಎದೆಯುಬ್ಬಿಸಿ ಕೂತಿದ್ದೆ. ಕೊಬ್ಬು ಬಂದಿದ್ದು ಅವತ್ತು ನನಗೆ.

ಅದು ಇಳಿಯಲು ಎರಡು ತಿಂಗಳು ಸಾಕಾಯಿತು. ಒಂದು ಭಾನುವಾರ ಹಳ್ಳಿಗೆ ಹೋದರೆ ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಾಳೆ. ಬಲಗಾಲಿನ ಹೆಬ್ಬೆರಳಿನ ಹತ್ತಿರ ಅರಿಷಿಣ ಮೆತ್ತಿದ ಬಟ್ಟೆ. ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿದೆ, ಅದೇ ಕಾಲಲ್ಲಿ ಕೆನಾಲಿನ ಕೆಸರು ತುಳಿದಿದ್ದಾಳೆ. ಪಾದ ಕೆಂಪಗೆ ಬಾತು ಹೊಳೆಯುತ್ತಿತ್ತು. ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತಿತ್ತು.

ಗುಳಿಗೆಯ ಡಬ್ಬಿ ತೆಗೆದೆ. ನಾನು ಪ್ರತಿ ಭಾನುವಾರ ಅದನ್ನು ನೋಡುವವಳು, ಹಿಂದಿನ ವಾರವೊಂದು ಮಾತ್ರ ಪರೀಕ್ಷೆ ಪೇಪರಿನ ಗದ್ದಲದಲ್ಲಿ ಬಂದಿರಲಿಲ್ಲ. ನಾಲ್ಕು ಥರದ ಗುಳಿಗೆ ಸರಿಯಾಗಿ ಕಡಿಮೆಯಾಗಿದ್ದವು. ಉರಿ ಗುಳಿಗೆ ಹನ್ನೊಂದು ಹೆಚ್ಚಿಗೆ ಉಳಿದಿದ್ದವು.

"ಇದು ಯಾಕ ಉಳದಾವ?"

"ಬಿಟ್ಟೀನಿ."

"ಯಾಕ ಬಿಟ್ಟಿ?"

"ಗಾಯ ಮಾಯಬೇಕಲ್ಲ."

ನನಗೆ ಅರ್ಥವಾಗಲಿಲ್ಲ. ಅಕ್ಕ ದಡ್ಡ ಮಗುವಿಗೆ ಮಗ್ಗಿ ಹೇಳುವ ಹಾಗೆ ಬಿಡಿಸಿ ಹೇಳಿದಳು: "ಕುರಿಗಿ ಬಾವು ಬಂದ್ರ ಏನ ಮಾಡ್ತೀವಿ? ಕಬ್ಬಿಣ ಕಾಸಿ ಬರಿ ಹಾಕ್ತೀವಿ. ಯಾಕ? ಉರಿ ಹತ್ತಿದ್ರ ತಾನೇ ಕೀವು ಹಣ್ಣಾಗಿ ಒಡದು ಮಾಯೋದು. ಉರಿ ಇಲ್ಲದ ಗಾಯ ಕೊಳೀತದ. ನಿನ್ನ ಗುಳಿಗಿ ಉರಿ ಆರಸ್ತದ ಅಂತ ನೀನೇ ಅಂದೀದಿ. ಎದಿ ಉರಿ ಆರಸೋ ಗುಳಿಗಿ ಕಾಲಿನ ಉರಿ ಬಿಡ್ತದೇನು? ಗಾಯ ಮಾಯಲಿ, ಮತ್ತ ತಗೋತೇನಿ."

ಬೈಯಲು ಹೋದವಳು ಅಲ್ಲೇ ತಡೆದುಕೊಂಡೆ. ಯಾಕೆಂದರೆ ಅವಳು ಹೇಳಿದ್ದು ನನ್ನ ಪಾಠವೇ. ಕೆಂಪಾಗುವುದು, ಬಿಸಿಯಾಗುವುದು, ಬಾಯುವುದು, ನೋಯುವುದು, ಇವು ನಾಲ್ಕೂ ಬಿಳಿ ರಕ್ತಕಣಗಳು ಕೆಲಸ ಮಾಡುತ್ತಿವೆ ಎನ್ನುವುದರ ಗುರುತು ಎಂದು ಹನ್ನೆರಡು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಆ ಕಣಗಳ ಸಿಟ್ಟು ಇಳಿಸುತ್ತದೆ ಎಂದು ಡಾಕ್ಟರೇ ಹೇಳಿದ್ದಾರೆ. ಹಾಗಾದರೆ ಗಾಯ ಇರುವಾಗ ಆ ಗುಳಿಗೆ ಕೊಡಬಹುದೋ ಬಾರದೋ? ಕೊಟ್ಟರೆ ಕಾಲು ಕೊಳೆತರೆ? ಕೊಡದಿದ್ದರೆ ಎದೆ ನಿಂತರೆ?

ಅವತ್ತೇ ಶಹಾಪುರಕ್ಕೆ ಕರೆದೊಯ್ದು ಗಾಯ ತೊಳೆಸಿ, ಸೂಜಿ ಹಾಕಿಸಿ, ಸಕ್ಕರೆ ಕಾಯಿಲೆ ಇಲ್ಲ ಎಂದು ಖಾತ್ರಿ ಮಾಡಿಕೊಂಡೆ. ಅಲ್ಲಿದ್ದವರನ್ನು ಉರಿ ಗುಳಿಗೆಯ ಬಗ್ಗೆ ಕೇಳಿದೆ. ಅದನ್ನು ಬರೆದುಕೊಟ್ಟವರನ್ನೇ ಕೇಳ್ರಿ ಅಂದರು. ನನ್ನ ಮನೆಯಲ್ಲೇ ಇರು ಎಂದರೆ ಅಕ್ಕ ಕೇಳಲಿಲ್ಲ. ಎಂಟು ಕುರಿಗಳನ್ನು ಯಾರು ನೋಡಬೇಕು ಎಂದು ಸಂಜೆ ಬಸ್ಸಿಗೆ ಹಳ್ಳಿಗೆ ಹೊರಟುಹೋದಳು. ಸುರಪುರದ ಡಾಕ್ಟರು ಸಿಗಲು ಮಂಗಳವಾರ ಬರಬೇಕು.

ಸೋಮವಾರ ನಾನು ಪಾಠ ಮಾಡಿದೆನೋ ಇಲ್ಲವೋ ನೆನಪಿಲ್ಲ. ರಸ್ತೆಯಲ್ಲಿ ಜೀಪಿನ ಸದ್ದು ಬಂದಾಗಲೆಲ್ಲ ಅದು ಅಕ್ಕನ ಸುದ್ದಿ ತಂದಿದೆ ಎಂದು ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಕೋತಿ ಹುಣ್ಣು ಬ್ರಹ್ಮರಾಕ್ಷಸ ಎನ್ನುತ್ತಾರಲ್ಲ, ಹಾಗೆ ನನ್ನ ಹೆದರಿಕೆಯನ್ನು ನಾನೇ ಕೆರೆದು ಕೆರೆದು ದೊಡ್ಡದು ಮಾಡಿಕೊಂಡೆ. ಅವಳು ಸತ್ತರೆ ಎದೆ ನಿಂತು ಸತ್ತಳು ಎಂದು ಊರು ಹೇಳುತ್ತದೆ, ನನ್ನ ಮಾತಿನಿಂದ ಸತ್ತಳು ಎಂದು ನನಗೊಬ್ಬಳಿಗೇ ಗೊತ್ತಿರುತ್ತದೆ.

ಮಂಗಳವಾರ ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಈ ಸಲ ನಗಲಿಲ್ಲ.

"ನಿಮ್ಮ ಅಕ್ಕ ಅರ್ಧ ಸರಿಯಾಗೇ ಹೇಳಿದ್ದಾರೆ. ಗಾಯಕ್ಕೆ ಬರೋದೂ ಅದೇ ಕಣಗಳು, ಹೃದಯದ ನಾಳಕ್ಕೆ ಹೋಗೋದೂ ಅವೇ. ಆದರೆ ಈ ಮಾತ್ರೆ ಅವುಗಳ ಕೈಕಾಲು ಕಟ್ಟಿಹಾಕೋದಿಲ್ಲ. ಸ್ಟೀರಾಯ್ಡ್ ಥರ ಅಲ್ಲ ಇದು. ಸಿಟ್ಟು ಸ್ವಲ್ಪ ತಗ್ಗುತ್ತೆ, ಕೆಲಸ ನಿಲ್ಲೋದಿಲ್ಲ. ಇದನ್ನ ತಗೊಂಡು ಗಾಯ ಮಾಗದೆ ಇದ್ದೋರನ್ನ ನಾನು ನೋಡಿಲ್ಲ. ಬಿಟ್ಟು ಎದೆ ನೋವು ಬಂದೋರನ್ನ ನೋಡಿದ್ದೀನಿ. ಎಷ್ಟು ದಿನ ಆಯ್ತು ಬಿಟ್ಟು?"

"ಇವತ್ತಿಗೆ ಹದಿಮೂರು."

ಅವರು ಪೆನ್ನು ಕೆಳಗಿಟ್ಟರು.

"ಸುರುಳಿ ಹಾಕಿ ಇನ್ನೂ ನಾಲ್ಕು ತಿಂಗಳು. ರಾತ್ರಿ ತನಕ ಕಾಯಬೇಡಿ. ಹೋದ ಕೂಡಲೇ ಒಂದು ನುಂಗಿಸಿ."

ಸುರಪುರದಿಂದ ಶಹಾಪುರಕ್ಕೆ ಬಸ್ಸು, ಶಹಾಪುರದಿಂದ ಗೋಗಿಗೆ ಹನ್ನೆರಡು ಮಂದಿ ತುಂಬಿದ ಆಟೋ, ಅಲ್ಲಿಂದ ಸಂಜೆ ಬಸ್ಸಿಗೆ ಕಾಯದೆ ಕೆನಾಲಿನ ದಂಡೆ ಹಿಡಿದು ನಡಿಗೆ. ನೀರು ಬಿಟ್ಟಿದ್ದರು, ಕೆನಾಲು ತುಂಬಿ ಹರಿಯುತ್ತಿತ್ತು. ಅಕ್ಕನ ಮನೆಯ ಮುಂದೆ ಜನ ಕೂಡಿದ್ದಾರೆಯೇ ಎಂದು ದೂರದಿಂದಲೇ ಕಣ್ಣು ಕಿರಿದು ಮಾಡಿ ನೋಡುತ್ತ ಹೆಚ್ಚುಕಡಿಮೆ ಓಡಿದೆ. ಬಾಗಿಲು ಹಾಕಿತ್ತು. ಕೂಗಿದೆ, ಉತ್ತರವಿಲ್ಲ. ಬಾಗಿಲು ಬಡಿದು ಮತ್ತೆ ಕೂಗಿದೆ.

"ಯಾಕ ಒದರ್ತಿ? ಇಲ್ಲಿ ಅದೀನಿ."

ಮನೆಯ ಹಿಂದೆ ಬೇವಿನ ನೆರಳಲ್ಲಿ, ಕಾಲನ್ನು ಕಲ್ಲಿನ ಮೇಲಿಟ್ಟುಕೊಂಡು ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದಳು. ಕಾಲಿನ ಬಾವು ತುಸು ಇಳಿದಿತ್ತು. ನಾನು ಗುಳಿಗೆ ಅವಳ ಮುಂದೆ ಹಿಡಿದೆ.

"ಅಕ್ಕಾ, ಡಾಕ್ಟರಿಗಿ ಕೇಳಿ ಬಂದೀನಿ. ಗಾಯಕ್ಕ ಏನೂ ಆಗಂಗಿಲ್ಲಂತ. ನುಂಗು."

"ಉರಿ ಆರಸಂಗಿಲ್ಲಂತೇನು?"

"ಪೂರಾ ಆರಸಂಗಿಲ್ಲಂತ."

"ಪೂರಾ ಆರಸಂಗಿಲ್ಲ ಅಂದ್ರ ಸ್ವಲ್ಪ ಆರಸ್ತದ ಅಂದಂಗಾತು. ಗಾಯ ಮಾಯಲಿ ತಡಿ."

ಅವಳ ಎದುರು ತರ್ಕ ಮಾಡಿ ಗೆದ್ದವರಿಲ್ಲ. ನಾನು ತೋಡಿದ ಹಳ್ಳದಲ್ಲಿ ನಾನೇ ನಿಂತಿದ್ದೆ, ಹತ್ತಿ ಬರಲು ಒಂದೇ ದಾರಿ ಇತ್ತು. ಹೇಳಿಬಿಟ್ಟೆ. ಮೈಸೂರು ಕಡೆ ಉರಿಗೆ ಕೊಬ್ಬು ಅನ್ನುವುದಿಲ್ಲ, ಅದು ನಾನು ಕಟ್ಟಿದ ಮಾತು. ಡಾಕ್ಟರು ಅವತ್ತು ಕೊಬ್ಬು ಅಂದದ್ದು ಕೊಬ್ಬೇ. ಈ ಗುಳಿಗೆ ಮೊದಲು ಇಳಿಸುವುದು ಕೊಬ್ಬನ್ನೇ, ಉರಿ ಆಮೇಲಿನದು. ಹೇಳುತ್ತ ಹೇಳುತ್ತ ನನಗೆ ಅಳು ಬಂತು.

ಅಕ್ಕ ಮರಿಯನ್ನು ಬಿಟ್ಟಳು. ಎದ್ದು ಹೋಗುತ್ತಾಳೆ ಎಂದುಕೊಂಡೆ.

"ಮತ್ತ ನನ್ನ ಮೈಯಾಗ ಕೊಬ್ಬು ಎಲ್ಲಿ ಅದ? ಎಲುಬು ಬಿಟ್ಟು ಏನದ ತೋರಸು."

"ಮೈಯಾಗಲ್ಲ ಅಕ್ಕಾ, ರಕ್ತದಾಗ. ಖಂಡದ ಮ್ಯಾಲ ಬೆಳ್ಳಗ ಇರ್ತದಲ್ಲ, ಹಂಗ ನರದ ಒಳಗ ಕುಂತದ."

"ನೆಣ."

"ಹೂಂ. ನೆಣ."

"ನೆಣ ಅಂತ ಅವತ್ತೇ ಅಂದಿದ್ರ ನಾ ಯಾಕ ಎದ್ದು ಬರ್ತಿದ್ನಿ?"

ನೆಣ. ಕುರಿ ಕೊಯ್ದಾಗಲೆಲ್ಲ ಆ ಮನೆಯಲ್ಲಿ ಕೇಳಿ ಬೆಳೆದ ಮಾತು. ಬಡಕಲು ಕುರಿಯ ಹೊಟ್ಟೆಯಲ್ಲೂ ನೆಣ ಇರುತ್ತದೆ ಎಂದು ಅಕ್ಕನಿಗೆ ಗೊತ್ತು. ನಾನು ಅದನ್ನು ಪುಸ್ತಕದ ಕೆಳಗೆ ಎಲ್ಲೋ ಮುಚ್ಚಿಟ್ಟು ಮರೆತಿದ್ದೆ. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಈ ಎರಡಕ್ಷರ ನೆನಪಾಗಿದ್ದರೆ ಇಷ್ಟೆಲ್ಲ ನಡೆಯುತ್ತಿರಲಿಲ್ಲ. ನನ್ನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಅಕ್ಕ ಕೇಳಿದಳು: "ನನಗ ಕೊಬ್ಬು ಅಂತ ಮೊದಲನೇ ಸಲ ಯಾವಾಗ ಅಂದ್ರು, ಗೊತ್ತದೇನು ನಿನಗ?"

ಗೊತ್ತಿರಲಿಲ್ಲ. ಅವಳ ಅತ್ತೆ ಆ ಮಾತು ಆಡುತ್ತಿದ್ದುದು ಗೊತ್ತಿತ್ತು. ಅಕ್ಕನ ಬಾಯಿ ಜೋರು, ಅದಕ್ಕೆ ಎಂದುಕೊಂಡಿದ್ದೆ.

"ನಿನ್ನ ಸುರಪುರದ ಹಾಸ್ಟೆಲಿಗಿ ಬಿಟ್ಟು ಬಂದ ದಿನ. ನೀ ಕುರಿ ಹಿಂದ ಹೋಗಬೇಕು ಅಂತ ನಮ್ಮತ್ತಿ ಹಟಾ. ತಂಗಿ ಪಾಲಿನ ಕುರೀನೂ ನಾನೇ ಕಾಯ್ತೀನಿ, ಆಕಿ ಸಾಲಿಗಿ ಹೋಗ್ಯಾಳ ಅಂದೆ. ಬಾವಿ ಕಟ್ಟಿ ಮ್ಯಾಲ ಊರ ಮಂದಿ ಎದರಿಗಿ ಅಂದ್ರು, ಇಕಿಗಿ ಕೊಬ್ಬು ಬಂದದ, ಹೆಂಗ ಇಳಸಬೇಕು ಗೊತ್ತದ ನಮಗ ಅಂತ. ಆರು ವರ್ಷ ಇಳಸಾಕ ನೋಡಿದ್ರು. ಕೂಳು ಕಡಿಮಿ ಹಾಕಿದ್ರು, ಹೊಡದ್ರು. ನಾ ಇಳಿಸಿಕೊಳ್ಳಲಿಲ್ಲ. ಇಳಿಸಿಕೊಂಡಿದ್ರ ನೀ ಇವತ್ತ ನನಗ ಗುಳಿಗಿ ಹೆಸರು ಹೇಳ್ತಿದ್ದಿಲ್ಲ."

ನಲವತ್ತು ವರ್ಷ ದಾಟಿದ ನಾನು ಆ ಬೇವಿನ ಕೆಳಗೆ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಹಾಸ್ಟೆಲಿಗೆ ಬರುವಾಗಲೆಲ್ಲ ಅವಳು ಯಾಕೆ ಅಷ್ಟು ಸೊರಗಿರುತ್ತಿದ್ದಳು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಅಕ್ಕ ಗುಳಿಗೆಯನ್ನು ತಿರುವಿ ತಿರುವಿ ನೋಡಿದಳು.

"ನೆಣಾ ಇಳೀಲಿ. ಅದರ ಕೂಡ ಕೊಬ್ಬು ಇಳಿದ್ರೂ ಇಳೀಲಿ ಬಿಡು. ಅದರ ಕೆಲಸ ಮುಗದದ," ಎಂದಳು. ಆಮೇಲೆ ನನ್ನ ಕಡೆ ನೋಡಿ ಗದರಿದಳು: "ಅಳಕೋತ ಕುಂತ್ರ ಹೆಂಗ? ನೀರ ಕೊಡು."